ಕೀಬೋರ್ಡ್ ಸಿಕ್ಕಿಸಿ ನೋಡು, ಆಮೇಲೆ ದುಡ್ಡು ಕೊಡು

ಪುಟ್ಟೀ,

ನೀನು ಟ್ಯಾಬ್ ಕೊಳ್ಳಲು ಹೊರಟಿದ್ದೀ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬೇಕಾದಾಗ ಕೀಬೋರ್ಡ್ ಸಿಕ್ಕಿಸಿಕೊಂಡು, ಬೇಡವಾದಾಗ ಕಳಚಿಡುವಂಥ, ಲಕ್ಷ ದಾಟುವ ಮಾಲಂತೆ. ಸಂಶೋಧನೆಗೆ ಸೇರಿದ್ದೀಯ, ಫೆಲೋಶಿಪ್ ಹಣ ಕೈಸೇರಿದೆ. ಶಾಸನಗಳ ಬೆನ್ನು ಹತ್ತಿ ಊರೂರು ಅಲೆಯಬೇಕು, ಮತ್ತೆ ಮೈಸೂರಿನ ಮಾನಸಗಂಗೋತ್ರಿಗೆ ಬಂದು ಕೂತು ಬರೆಯಬೇಕು. ಒಂದೇ ಯಂತ್ರ ಎರಡಕ್ಕೂ ಒದಗಲಿ ಎನ್ನುವ ನಿನ್ನ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನಾನು ವಾರಪತ್ರಿಕೆಯ ಮೇಜಿನ ಮುಂದೆ ಆಯುಷ್ಯ ಕಳೆದವನು. ವರದಿಗಾರರು ತರುತ್ತಿದ್ದ ಬಗೆಬಗೆಯ ಯಂತ್ರಗಳನ್ನೂ ಕಂಡಿದ್ದೇನೆ, ಅವುಗಳಿಂದ ಬರುತ್ತಿದ್ದ ಕನ್ನಡವನ್ನೂ ತಿದ್ದಿದ್ದೇನೆ. ಆ ಬಲದ ಮೇಲೆ ಒಂದು ಮಾತು ಹೇಳುತ್ತೇನೆ, ಕೇಳು. ಇಂಥ ಯಂತ್ರ ನೋಡುವಾಗ ಎಲ್ಲರ ಕಣ್ಣೂ ಮೊದಲು ಪರದೆಗೆ ಹೋಗುತ್ತದೆ. ನಿನ್ನ ಕೈ ಮೊದಲು ಕೀಬೋರ್ಡಿಗೆ ಹೋಗಲಿ. ಆ ಕೀಬೋರ್ಡಿನಿಂದ ಕನ್ನಡ ಹೇಗೆ ಮೂಡುತ್ತದೆ ಎಂದು ನೋಡಿ ಆಗುವವರೆಗೆ ಮಿಕ್ಕ ಯಾವ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2011ರ ಡಿಸೆಂಬರಿನಲ್ಲಿ ತೈವಾನಿನ ಏಸುಸ್ ಕಂಪನಿ ‘ಟ್ರಾನ್ಸ್‌ಫಾರ್ಮರ್ ಪ್ರೈಮ್’ ಎಂಬ ಟ್ಯಾಬ್ ಹೊರತಂದಿತು. ಸಿಕ್ಕಿಸಿ ಕಳಚುವ ಕೀಬೋರ್ಡ್, ಅಂದರೆ ಡಾಕ್, ಇರುವ ಟ್ಯಾಬ್‌ಗಳಲ್ಲಿ ಆ ಕಾಲಕ್ಕೆ ಅದೇ ಮೇಲು. ದಪ್ಪ 8.3 ಮಿಲಿಮೀಟರ್, ತೂಕ 586 ಗ್ರಾಂ, ಒಳಗೆ ಎನ್‌ವಿಡಿಯಾದ ನಾಲ್ಕು ಕೋರ್‌ಗಳ ಟೆಗ್ರಾ 3 ಪ್ರೊಸೆಸರ್. ಅಮೆರಿಕದಲ್ಲಿ 32 ಜಿಬಿ ಮಾದರಿಗೆ 499 ಡಾಲರ್, ಡಾಕ್‌ಗೆ ಬೇರೆ 149 ಡಾಲರ್. ಡಾಕ್‌ನ ಹೊಟ್ಟೆಯಲ್ಲಿ ಇನ್ನೊಂದು ಬ್ಯಾಟರಿ ಇತ್ತು. ಟ್ಯಾಬ್ ಒಂದೇ ಆದರೆ 12 ಗಂಟೆ, ಡಾಕ್ ಸೇರಿದರೆ 18 ಗಂಟೆ ಎಂದು ಕಂಪನಿ ಹೇಳಿತು. ಯುಎಸ್‌ಬಿ ಕಿಂಡಿ, ಎಸ್‌ಡಿ ಕಾರ್ಡಿನ ಕಿಂಡಿ ಎರಡೂ ಡಾಕ್‌ನಲ್ಲೇ. ವಿಮರ್ಶಕರು ಮನಸಾರೆ ಹೊಗಳಿದರು.

ಕೊಂಡವರಿಗೆ ಬೇರೆಯೇ ಅನುಭವ. ಬೆನ್ನಿಗೆ ಹಾಕಿದ್ದ ಚೆಂದದ ಅಲ್ಯೂಮಿನಿಯಂ ಜಿಪಿಎಸ್ ಸಂಕೇತಕ್ಕೆ ಅಡ್ಡ ಬಂತು. ಕಂಪನಿ ತನ್ನ ವಿವರಪಟ್ಟಿಯಿಂದ ಜಿಪಿಎಸ್ಸನ್ನೇ ತೆಗೆದುಹಾಕಿ, ಕೊಂಡವರಿಗೆ ಮುಂದೆ ಹೊರಗಿನಿಂದ ಸಿಕ್ಕಿಸುವ ಜಿಪಿಎಸ್ ತುಣುಕೊಂದನ್ನು ಪುಕ್ಕಟೆ ಕೊಡಬೇಕಾಯಿತು. ನಮ್ಮ ಮಟ್ಟಿಗೆ ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆಂಡ್ರಾಯ್ಡ್ ತನ್ನ ಮೂಲದಲ್ಲೇ ಕನ್ನಡವನ್ನು ಸೇರಿಸಿಕೊಂಡದ್ದು 2012ರ ನಡುವಿನಲ್ಲಿ, ಜೆಲ್ಲಿ ಬೀನ್ ಎಂದು ಕರೆದ 4.1 ಆವೃತ್ತಿಯಲ್ಲಿ. ತೆಲುಗು, ಮಲಯಾಳಂಗಳಿಗೂ ಆಗಲೇ ಜಾಗ ಸಿಕ್ಕಿತು. ಪ್ರೈಮ್ ಪೆಟ್ಟಿಗೆಯಿಂದ ಹೊರಬಂದದ್ದು 3.2ರೊಂದಿಗೆ. ಅಷ್ಟು ಹೊಳೆಯುವ ಪರದೆಯ ಮೇಲೆ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಸಾಲುಸಾಲು ಚೌಕಗಳು. ಜೆಲ್ಲಿ ಬೀನ್ ಅದಕ್ಕೂ ಬಂತು ಅನ್ನು, ಆದರೆ ಕಂಪನಿಯಿಂದ ಅದಕ್ಕೆ ಸಿಕ್ಕ ಕೊನೆಯ ದೊಡ್ಡ ಆವೃತ್ತಿಯೂ ಅದೇ. ಕನ್ನಡ ಬರುವ ಹೊತ್ತಿಗೆ ಅಪ್‌ಡೇಟ್ ನಿಂತಿತು. ಹೊರನಾಡಿನ ವಿಮರ್ಶಕರು ತಮಗೆ ಬೇಕಾದದ್ದನ್ನು ಪ್ರಾಮಾಣಿಕವಾಗಿಯೇ ತೂಗಿದ್ದರು. ಅವರಿಗೆ ಕನ್ನಡ ಬೇಕಿರಲಿಲ್ಲ, ಅಷ್ಟೆ. ನಿನಗೆ ಬೇಕು. ಆದ್ದರಿಂದ ತೂಗುವ ಕೆಲಸವನ್ನು ನೀನೇ ಮಾಡಬೇಕು.

ಈಗ ಕನ್ನಡ ಓದುವುದು ಯಾವ ಟ್ಯಾಬ್‌ಗೂ ಕಷ್ಟವಲ್ಲ. ಪರದೆ ಮುಟ್ಟಿ ಬರೆಯುವುದೂ ಸಲೀಸು. ಆ್ಯಪಲ್ 2017ರಲ್ಲಿ ಐಒಎಸ್ 11ರ ಜೊತೆ ಕನ್ನಡ ಕೀಬೋರ್ಡ್ ಕೊಟ್ಟಿತು, ಗೂಗಲ್‌ನ ಜಿಬೋರ್ಡ್‌ನಲ್ಲೂ ಕನ್ನಡ ಇದೆ. ಅಂಗಡಿಯ ಹುಡುಗರು ನಿನಗೆ ತೋರಿಸುವುದು ಇದನ್ನೇ. ‘ಕನ್ನಡ ಬರತ್ತೆ ಮೇಡಂ, ನೋಡಿ’ ಎಂದು ಪರದೆಯ ಮೇಲೆ ನಾಲ್ಕಕ್ಷರ ಒತ್ತಿ ತೋರಿಸುತ್ತಾರೆ. ನೀನು ತಲೆಯಾಡಿಸಿ ಸುಮ್ಮನಾಗಬೇಡ. ಡಾಕ್ ಸಿಕ್ಕಿಸಿಕೊಡಿ ಎನ್ನು. ಪರದೆಯ ಮೇಲಿನ ಕೀಬೋರ್ಡ್ ಆಗ ಮರೆಯಾಗುತ್ತದೆ, ನಿಜವಾದ ಗುಂಡಿಗಳ ಕೆಲಸ ಶುರುವಾಗುತ್ತದೆ. ತೊಡಕು ಇರುವುದು ಇಲ್ಲಿ. ಪರದೆಯಲ್ಲಿ ಮೂಡಿದ ಕನ್ನಡ ಗುಂಡಿಗಳಿಂದಲೂ ಅದೇ ವಿನ್ಯಾಸದಲ್ಲಿ ಮೂಡೀತು ಎಂಬ ಖಾತ್ರಿ ಇಲ್ಲ. ಕೆಲವು ಕಡೆ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಕೆಲವು ಕಡೆ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ ಮಾತ್ರ ಇರುತ್ತದೆ, ನಿನ್ನ ಬೆರಳು ಪಳಗಿರುವ ವಿನ್ಯಾಸ ಇರುವುದಿಲ್ಲ.

ನಿನ್ನ ಬೆರಳು ಪಳಗಿರುವುದು ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಅದೇ ಜಾಡು. ‘ಕೆ’ ಒತ್ತಿದರೆ ಕ, ‘ಎಫ್’ ಒತ್ತಿದರೆ ಒತ್ತಕ್ಷರದ ಕೊಂಡಿ. ಹತ್ತು ವರ್ಷ ಅದರಲ್ಲೇ ಬರೆದವರು ಗುಂಡಿ ನೋಡದೆ ಬರೆಯುತ್ತಾರೆ. ಅವರಿಗೆ ಬೇರೆ ವಿನ್ಯಾಸ ಕೊಟ್ಟರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಬರೆಯುವವರಿಗೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಅಂಗಡಿಯಲ್ಲಿ ಬರೆದು ನೋಡಲು ಮೂರು ಪದ ಕೊಡುತ್ತೇನೆ. ಮೊದಲನೆಯದು ‘ಸ್ವಾತಂತ್ರ್ಯ’. ಎಸ್, ಎಫ್, ವಿ, ಶಿಫ್ಟ್ ಹಿಡಿದು ಎ ಒತ್ತಿದರೆ ಸ್ವಾ. ಹಾಗೇ ಮುಂದುವರಿದು ಕೊನೆಗೆ ತ, ರ, ಯ ಮೂರೂ ಒಂದರ ಕೆಳಗೊಂದು ಕೂರಬೇಕು. ವೇಗವಾಗಿ ಬರೆದು ನೋಡು, ನಡುವೆ ಅಕ್ಷರ ನುಂಗುತ್ತದೆಯೇ ಎಂದು ಗಮನಿಸು. ಎರಡನೆಯದು ‘ರಾಜ್‌ಕುಮಾರ್’. ಜ್ ಮತ್ತು ಕು ಬಿಡಿಬಿಡಿಯಾಗಿ ನಿಲ್ಲಬೇಕು, ಕ ಹೋಗಿ ಜದ ಕೆಳಗೆ ನೇತಾಡಬಾರದು. ಅವೆರಡನ್ನು ಬೇರೆ ನಿಲ್ಲಿಸುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಅದನ್ನು ಹಾಕುವ ಗುಂಡಿ ಆ ವಿನ್ಯಾಸದಲ್ಲಿ ಇರಬೇಕು. ಮೂರನೆಯದು ‘ರ‍್ಯಾಂಕ್’. ಇಲ್ಲಿ ರ ತನ್ನ ಜಾಗದಲ್ಲೇ ಕೂತು ಯ ಅದರ ಒತ್ತಾಗಬೇಕು. ಸರಿಯಾದ ಗುಂಡಿ ಇಲ್ಲದಿದ್ದರೆ ರ ಹಾರಿ ಅರ್ಕಾವೊತ್ತಾಗಿಬಿಡುತ್ತದೆ. ಪತ್ರಿಕೆಯ ಪುಟಗಳಲ್ಲಿ ನಾನು ಅತಿ ಹೆಚ್ಚು ತಿದ್ದಿದ್ದು ಈ ಎರಡು ಬಗೆಯ ತಪ್ಪುಗಳನ್ನೇ. ಬರೆದವರಿಗೆ ಕನ್ನಡ ಬರುತ್ತಿತ್ತು, ಯಂತ್ರಕ್ಕೆ ಬರುತ್ತಿರಲಿಲ್ಲ.

ನೀನು ಶಾಸನದ ಹುಡುಗಿ, ನಿನಗೆ ಇನ್ನೊಂದು ಪರೀಕ್ಷೆ. ಹಳಗನ್ನಡದ ಱ ಮತ್ತು ೞ ಎರಡೂ ಆ ಕೀಬೋರ್ಡಿನಿಂದ ಬರುತ್ತವೆಯೇ? ಯೂನಿಕೋಡ್‌ನಲ್ಲಿ ಎರಡಕ್ಕೂ ಜಾಗವಿದೆ. ಗುಂಡಿಗಳಲ್ಲಿ ಇಲ್ಲದಿದ್ದರೆ, ಒಂದೊಂದು ಪಾಠ ಇಳಿಸಿಕೊಳ್ಳುವಾಗಲೂ ಎಲ್ಲಿಂದಲೋ ನಕಲು ಮಾಡಿ ಅಂಟಿಸುತ್ತ ಕೂರಬೇಕಾಗುತ್ತದೆ. ಮುನ್ನೂರು ಪುಟದ ಮಹಾಪ್ರಬಂಧ ಹಾಗೆ ಬರೆಯಲಾಗದು.

ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುವ ಗುಂಡಿ ಯಾವುದೆಂದೂ ಕೇಳು. ಹಳೆಯ ನುಡಿಯಲ್ಲಿ ಸ್ಕ್ರಾಲ್ ಲಾಕ್ ಒತ್ತಿ ಹೊರಳುವುದು ನಮಗೆಲ್ಲ ರೂಢಿ. ಈ ಕಿರಿದಾದ ಡಾಕ್‌ಗಳಲ್ಲಿ ಆ ಗುಂಡಿಯೇ ಇರುವುದಿಲ್ಲ. ಐಪ್ಯಾಡ್ ಪ್ರೊದ ಮ್ಯಾಜಿಕ್ ಕೀಬೋರ್ಡಿಗೆ ಮೇಲಿನ ಫಂಕ್ಷನ್ ಗುಂಡಿಗಳ ಸಾಲು ಸೇರಿದ್ದೇ 2024ರಲ್ಲಿ. ಅಡಿಟಿಪ್ಪಣಿಯಲ್ಲಿ ಒಂದು ಸಾಲಿಗೆ ಎರಡು ಸಲ ಭಾಷೆ ಬದಲಿಸುವ ನಿನ್ನಂಥವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಫೈಲುಗಳ ವಿಷಯ. ನಿಮ್ಮ ವಿಭಾಗದ ಹಿರಿಯರು ಕಳಿಸುವ ಹಳೆಯ ಲೇಖನಗಳು ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ತಲೆಬುಡವಿಲ್ಲದ ರೋಮನ್ ಅಕ್ಷರಗಳ ಗುಂಪು. ಜೊತೆಗೆ ಟ್ಯಾಬ್‌ನ ವರ್ಡ್ ಆ್ಯಪ್ ಬೇರೆ, ಕಂಪ್ಯೂಟರಿನ ವರ್ಡ್ ಬೇರೆ. ಹೆಸರು ಒಂದೇ ಎಂದು ನಂಬಿಬಿಡಬೇಡ. ಮ್ಯಾಕ್ರೋಗಳು ಅಲ್ಲಿ ಓಡುವುದೇ ಇಲ್ಲ. 2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ‘ಸರ್ಫೇಸ್ ಆರ್‌ಟಿ’ ತಂದಾಗ ಜನ ಎಡವಿದ್ದು ಇಂಥ ಕಡೆಯೇ. ನೋಡಲು ವಿಂಡೋಸ್, ಒಳಗೆ ಆಫೀಸ್, ಪರದೆಗೆ ಅಂಟಿಕೊಳ್ಳುವ ತೆಳು ಕೀಬೋರ್ಡ್. ಆದರೆ ಮಾಮೂಲು ವಿಂಡೋಸ್ ತಂತ್ರಾಂಶ ಯಾವುದನ್ನೂ ಅದರಲ್ಲಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಂದ ಮೇಲೆ ನುಡಿಯೂ ಇಲ್ಲ, ‘ಬರಹ’ ತಂತ್ರಾಂಶವೂ ಇಲ್ಲ. ಮರುವರ್ಷ ಜುಲೈನಲ್ಲಿ ಕಂಪನಿ ಅದರ ಬಾಬ್ತು 90 ಕೋಟಿ ಡಾಲರ್ ನಷ್ಟ ತೋರಿಸಿತು.

ಈಗಿನ ಸರ್ಫೇಸ್‌ಗಳ ಕತೆ ಬೇರೆ. ಆರ್ಮ್ ಚಿಪ್ ಇರುವ ಹೊಸ ವಿಂಡೋಸ್ ಯಂತ್ರಗಳು ಹಳೆಯ ತಂತ್ರಾಂಶವನ್ನೂ ಒಂದು ಮಟ್ಟಿಗೆ ಅನುಕರಣೆಯ ಮೂಲಕ ಓಡಿಸುತ್ತವೆ. ಡ್ರೈವರ್‌ಗಳು ಮಾತ್ರ ಆ ಚಿಪ್‌ಗೆಂದೇ ಬರೆದವಾಗಿರಬೇಕು. ವಿಭಾಗದ ಹಳೆಯ ಪ್ರಿಂಟರ್, ಸ್ಕ್ಯಾನರ್ ಅದರೊಂದಿಗೆ ಮಾತಾಡುತ್ತವೆಯೋ ಇಲ್ಲವೋ ಎಂದು ಮೊದಲೇ ತಿಳಿದುಕೊ. ಇಂಟೆಲ್ ಅಥವಾ ಎಎಂಡಿ ಚಿಪ್‌ನದಾದರೆ ಈ ತಲೆನೋವು ಇಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಎಕ್ಸ್‌ಪಿ ಕಾಲದಿಂದಲೇ ಇದೆ, ಉಚ್ಚಾರದಂತೆ ಬರೆಯುವ ಕನ್ನಡ ಫೊನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸ್ 10ರ ಜೊತೆಗೇ ಬಂದಿದೆ. ಕನ್ನಡದಲ್ಲಿ ಉದ್ದಕ್ಕೆ ಬರೆಯುವವರಿಗೆ ಇಂದಿಗೂ ವಿಂಡೋಸೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡದ ಪರೀಕ್ಷೆ ಮುಗಿದ ಮೇಲೆ ಎದ್ದು ಹೋಗಿ, ಮೇಜಿಲ್ಲದ ಕುರ್ಚಿಯೊಂದರಲ್ಲಿ ಕೂತುಕೊ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಪುಟ ಬರೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ, ಬೋರ್ಡು ಎಲ್ಲ ಕೆಳಗಿರುತ್ತವೆ, ಮೇಲಿರುವುದು ಬರೀ ಪರದೆ. ಇಲ್ಲಿ ಎಲ್ಲ ಭಾರವೂ ಪರದೆಯ ಹಿಂದೆಯೇ. ಹಾಗಾಗಿ ಇದು ಹಿಂದಕ್ಕೆ ಮಗುಚಲು ನೋಡುತ್ತದೆ. ಅದನ್ನು ತಡೆಯಲು ಕೆಲವರು ಡಾಕನ್ನೇ ಭಾರ ಮಾಡುತ್ತಾರೆ, ಕೆಲವರು ಪರದೆ ಹೆಚ್ಚು ಹಿಂದಕ್ಕೆ ಬಾಗದಂತೆ ಕೀಲನ್ನು ಬಿಗಿ ಮಾಡುತ್ತಾರೆ. ಸರ್ಫೇಸ್‌ನಂಥವುಗಳಲ್ಲಿ ಬೆನ್ನ ಹಿಂದೆ ಊರುಗಾಲು ಇರುತ್ತದೆ. ಮೇಜಿನ ಮೇಲೆ ಅದು ಬಲು ಗಟ್ಟಿ. ತೊಡೆಯ ಮೇಲೆ ಮಾತ್ರ ಕೀಬೋರ್ಡ್ ಮುಂದೆ, ಊರುಗಾಲು ಹಿಂದೆ ಎಂದು ಜಾಗ ಸಾಲದೆ ಮಂಡಿಯ ಅಂಚಿಗೆ ಬಂದು ಜಾರುತ್ತದೆ. ನೀನು ಎತ್ತರದ ಹುಡುಗಿಯಲ್ಲ, ಅಳೆದು ನೋಡು. ಬೇಲೂರು, ಹಳೇಬೀಡು ಕಡೆಯ ಬಸ್ಸಿನಲ್ಲಿ ನಿನಗೆ ಮೇಜು ಯಾರೂ ಹಾಕಿಕೊಡುವುದಿಲ್ಲ.

ತೂಕವನ್ನೂ ಜೋಡಿಸಿಯೇ ಕೇಳು. ಜಾಹೀರಾತಿನಲ್ಲಿ ಬರುವುದು ಟ್ಯಾಬ್‌ನ ತೂಕ ಮಾತ್ರ. 2020ರ 12.9 ಇಂಚಿನ ಐಪ್ಯಾಡ್ ಪ್ರೊ 641 ಗ್ರಾಂ ಇತ್ತು. ಅದಕ್ಕೆ ಹಾಕುವ ಮ್ಯಾಜಿಕ್ ಕೀಬೋರ್ಡನ್ನು ತೂಗಿದವರಿಗೆ ಸಿಕ್ಕದ್ದು ಸುಮಾರು 700 ಗ್ರಾಂ. ಮೂಗಿಗಿಂತ ಮೂಗುತಿ ಭಾರ. ಎರಡೂ ಕೂಡಿದರೆ ಅದೇ ಕಂಪನಿಯ 1.29 ಕಿಲೋ ಮ್ಯಾಕ್‌ಬುಕ್ ಏರ್‌ಗಿಂತ ಹೆಚ್ಚೇ ಆಗುತ್ತಿತ್ತು. ಹಗುರವೆಂದು ಟ್ಯಾಬ್ ಕೊಂಡವರು ಲ್ಯಾಪ್‌ಟಾಪಿಗಿಂತ ಹೆಚ್ಚು ಹೊತ್ತರು.

ಬೆಲೆಯದೂ ಇದೇ ಲೆಕ್ಕ. 2024ರ ಮೇ ತಿಂಗಳಲ್ಲಿ 11 ಇಂಚಿನ ಐಪ್ಯಾಡ್ ಪ್ರೊ ಇಲ್ಲಿಗೆ ಬಂದಾಗ ಆರಂಭದ ಬೆಲೆ 99,900 ರೂಪಾಯಿ, ಕೀಬೋರ್ಡ್ 29,900 ರೂಪಾಯಿ. ಅಲ್ಲಿಗೇ 1,29,800 ಆಯಿತು, ಪೆನ್ಸಿಲ್ ಇನ್ನೂ ಹೊರಗಿದೆ. ಸರ್ಫೇಸ್ ಪ್ರೊದ ಕೀಬೋರ್ಡನ್ನೂ ಬೇರೆಯಾಗಿಯೇ ಮಾರುವುದು ವಾಡಿಕೆ. ಕೀಬೋರ್ಡ್ ಆಮೇಲೆ ಕೊಂಡರಾಯಿತು ಎಂದು ಕಂತಿನಲ್ಲಿ ಟ್ಯಾಬ್ ಮಾತ್ರ ತಂದವರನ್ನು ಕಂಡಿದ್ದೇನೆ. ಆ ಟ್ಯಾಬ್ ಕೊನೆಗೂ ಮನೆಯಲ್ಲಿ ಸಿನಿಮಾ ನೋಡುವುದಕ್ಕೇ ಉಳಿಯಿತು. ಕೀಬೋರ್ಡ್ ಅದರ ಅರ್ಧ ದೇಹ. ಅದನ್ನು ಅದೇ ದಿನ, ಅದೇ ಬಿಲ್ಲಿನಲ್ಲಿ ಕೊಳ್ಳಲು ಹಣ ಸಾಲದಿದ್ದರೆ ಆ ಯಂತ್ರ ನಿನ್ನ ಕೈಗೆಟುಕುವುದಲ್ಲ ಎಂದೇ ತಿಳಿ. ವಿದ್ಯಾರ್ಥಿಗಳಿಗೆ ಆ್ಯಪಲ್ ರಿಯಾಯಿತಿ ಬೆಲೆ ಇಟ್ಟಿದೆ. ನಿನ್ನ ಗುರುತಿನ ಚೀಟಿ ಜೊತೆಗಿರಲಿ, ಸಂಕೋಚವಿಲ್ಲದೆ ಕೇಳು.

ಡಾಕ್‌ಗೆ ಸ್ವಂತ ಬ್ಯಾಟರಿ ಇದೆಯೋ, ಟ್ಯಾಬ್‌ನಿಂದಲೇ ಕರೆಂಟು ಕುಡಿಯುತ್ತದೋ ಎಂದೂ ನೋಡು. ಏಸುಸ್‌ನ ಆ ಹಳೆಯ ಡಾಕ್ ಟ್ಯಾಬ್‌ಗೇ ಉಣಿಸುತ್ತಿತ್ತು. ಐಪ್ಯಾಡ್‌ನ ಕೀಬೋರ್ಡಿನಲ್ಲಿ ಬ್ಯಾಟರಿ ಇಲ್ಲ, ಅದು ಟ್ಯಾಬ್‌ನ ಬೆನ್ನಿನ ಲೋಹದ ಚುಕ್ಕೆಗಳ ಮೂಲಕ ಅದರಿಂದಲೇ ಪಡೆಯುತ್ತದೆ. ಬ್ಲೂಟೂತ್ ಕೀಬೋರ್ಡಾದರೆ ಅದನ್ನು ಪ್ರತ್ಯೇಕ ಚಾರ್ಜ್ ಮಾಡುವ ಕೆಲಸ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯ, ಈ ಡಾಕ್‌ಗಳು ಕೆಲವೇ ಮಾದರಿಗಳಿಗೆಂದು ಹುಟ್ಟಿ ಅವುಗಳ ಜೊತೆಗೇ ಸಾಯುತ್ತವೆ. 2024ರ ಐಪ್ಯಾಡ್ ಪ್ರೊಗೆ ಅದರ ಹಿಂದಿನ ಮ್ಯಾಜಿಕ್ ಕೀಬೋರ್ಡ್ ಹೊಂದುವುದಿಲ್ಲ. ಮುಂದೆ ಟ್ಯಾಬ್ ಬದಲಿಸಿದರೆ ಈ ಕೀಬೋರ್ಡಿನ ಹಣವೂ ಹೋಯಿತೆಂದೇ ಲೆಕ್ಕ ಹಾಕಿಕೊ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ನೀನೇ ಹತ್ತು ಸಲ ನೋಡಿರುತ್ತೀಯ. ಆಕಾರ ಮಾತ್ರ ಗಮನಿಸು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳ ಸ್ಕ್ಯಾನ್ ಪುಟಗಳನ್ನು ಅಡ್ಡ ಪರದೆಯಲ್ಲಿ ಓದಿದರೆ ಅರ್ಧ ಪುಟವೇ ಕಾಣುವುದು. ಕೀಬೋರ್ಡ್ ಕಳಚಿ ಉದ್ದಕ್ಕೆ ಹಿಡಿದಾಗ ಇಡೀ ಪುಟ ಅಂಗೈಗೆ ಬರುತ್ತದೆ. ಬಿಡಿಸಬಹುದಾದ ಡಾಕ್‌ನ ನಿಜವಾದ ಸುಖ ಅದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಐಪ್ಯಾಡ್‌ನ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು, ಸರ್ಫೇಸ್‌ನ ಮೂರಕ್ಕೆ ಎರಡು ಆಕಾರ ಪುಸ್ತಕದ ಪುಟಕ್ಕೆ ಹತ್ತಿರ. ಸಿನಿಮಾ ಆಕಾರದ ಉದ್ದ ಪರದೆಗಳು ನಿನ್ನ ಕೆಲಸಕ್ಕಲ್ಲ. ಪಡಿಯಚ್ಚಿನ ಚಿತ್ರದ ಮೇಲೆ ಪೆನ್ನಿನಿಂದ ಸವೆದ ಅಕ್ಷರದ ಗೆರೆ ಎಳೆದು ನೋಡುವ ಅನುಕೂಲ ಯಾವ ಲ್ಯಾಪ್‌ಟಾಪಿನಲ್ಲೂ ಇಷ್ಟು ಸಲೀಸಾಗಿ ಸಿಗದು. ಊರಾಚೆಯ ವೀರಗಲ್ಲಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳುವುದಿದ್ದರೆ ಇನ್ನೊಂದು ನೆನಪಿರಲಿ: ಐಪ್ಯಾಡ್‌ಗಳಲ್ಲಿ ವೈಫೈ ಮಾತ್ರ ಇರುವ ಮಾದರಿಗೆ ಜಿಪಿಎಸ್ ಇಲ್ಲ, ಸಿಮ್ ಹಾಕುವ ಮಾದರಿಗೇ ಇರುವುದು.

ರಿಪೇರಿ ಕೇಂದ್ರ ಮೈಸೂರಿನಲ್ಲೇ ಇದೆಯೇ, ಬೆಂಗಳೂರಿಗೆ ಕಳಿಸಬೇಕೇ, ಡಾಕ್‌ಗೂ ವಾರಂಟಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳು. ಒಳಗಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಬೀದಿಯ ಅಂಗಡಿಯಲ್ಲಿ ಬಿಚ್ಚಿಸುವಂಥದ್ದಲ್ಲ. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆಂಬುದನ್ನು ಕಂಪನಿಯ ಪುಟದಲ್ಲೇ ಓದಿಕೊ. ನಿನ್ನ ಪಿಎಚ್‌ಡಿ ಮುಗಿಯುವ ಮೊದಲು ಅದು ನಿಲ್ಲಬಾರದು.

ನನಗೇ ಆರಿಸಲು ಬಿಟ್ಟರೆ, ನಿನಗೆ ಇಂಟೆಲ್ ಅಥವಾ ಎಎಂಡಿ ಚಿಪ್ ಇರುವ, ಕೀಬೋರ್ಡ್ ಬಿಡಿಸಬಹುದಾದ ವಿಂಡೋಸ್ ಯಂತ್ರ ಹೇಳುತ್ತೇನೆ. ಅದು ತೊಡೆಯ ಮೇಲೆ ನಿಲ್ಲದಿದ್ದರೆ, ಅಥವಾ ಕೀಬೋರ್ಡ್ ಸೇರಿ ಹಣ ಮೀರಿದರೆ, ಬರೆಯಲು ಸಾಧಾರಣ ಲ್ಯಾಪ್‌ಟಾಪ್ ಒಂದು, ಓದಲು ಪೆನ್ನಿರುವ ಮಧ್ಯಮ ಬೆಲೆಯ ಟ್ಯಾಬ್ ಒಂದು. ಎರಡೂ ಕೂಡಿ ಆ ಒಂದರ ಬೆಲೆ ದಾಟಲಾರವು, ಒಂದು ಕೆಟ್ಟರೆ ಇನ್ನೊಂದು ಕೈಯಲ್ಲಿರುತ್ತದೆ. ಐಪ್ಯಾಡೇ ಬೇಕೆಂಬ ಮನಸ್ಸಿದ್ದರೆ ಅಡ್ಡಿಯಿಲ್ಲ, ಮೊದಲು ಆ ಮೂರು ಪದ, ಎರಡು ಅಕ್ಷರ ಅದರ ಗುಂಡಿಗಳಿಂದ ಮೂಡಲಿ.

ಶನಿವಾರ ಅಂಗಡಿಗೆ ಹೋಗುವಾಗ ನಿನ್ನ ಮೊದಲ ಅಧ್ಯಾಯದ ಫೈಲನ್ನೂ, ನಿಮ್ಮ ಮೇಷ್ಟ್ರು ಕೊಟ್ಟ ಹಳೆಯ ನುಡಿ ಫೈಲೊಂದನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗು. ಎರಡನ್ನೂ ಅಲ್ಲೇ ತೆರೆದು, ಡಾಕ್ ಸಿಕ್ಕಿಸಿ, ಒಂದು ಪುಟ ಬರೆದು, ಅಡಿಟಿಪ್ಪಣಿ ಹಾಕಿ ನೋಡದೆ ಮುಂಗಡ ಕೊಡಬೇಡ.

ನಿನ್ನ ದೊಡ್ಡಪ್ಪ